ಕಿವಿ ಮೇಷ್ಟ್ರಿಗೆ ಕೇಳಿಸದ ಗುಂಯ್

ಬೀದಿಯವರೆಲ್ಲ ಅವರನ್ನು ಕಿವಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೆಟ್ಟ ರೇಡಿಯೊದ ಮುಚ್ಚಳ ತೆಗೆಯುವ ಮೊದಲೇ, ಬರೀ ಸದ್ದು ಕೇಳಿ, ರೋಗ ಇಂಥಲ್ಲೇ ಇದೆ ಎನ್ನುತ್ತಿದ್ದರು. ಮನೆ ಮುಂದಿನ ಅಂಗಡಿಯಲ್ಲಿ ಕರೆಂಟು ಅಳೆಯುವ ಮೀಟರ್ ಇತ್ತು, ಅದರ ಮೇಲೆ ಧೂಳೂ ಇತ್ತು. “ನನ್ನ ಕಿವಿ ಇರುವಾಗ ಅದ್ಯಾಕೆ?” ಎನ್ನುವುದು ಅವರ ಜಂಭ. ಜಂಭ ಪಡುವಷ್ಟು ಕೆಲಸ ಗೊತ್ತಿತ್ತು ಅನ್ನಿ.

ಈಚೆಗೆ ಹೆರಿಗೆ ಆಸ್ಪತ್ರೆಗೊಂದು ಆಂಪ್ಲಿಫೈಯರ್ ಮಾಡಿಕೊಟ್ಟಿದ್ದರು. ಬಾಣಂತಿಯರ ಕೋಣೆಯಲ್ಲಿ ಮೆಲ್ಲಗೆ ಹಾಡು ಕೇಳಿಸಬೇಕೆಂಬುದು ಅಲ್ಲಿನ ಹಿರಿಯ ನರ್ಸಮ್ಮನ ಆಸೆ. ಹಾಡು ಹಾಕುವುದು ಕೆಳಗಿನ ಕಚೇರಿಯಲ್ಲಿ, ಆಂಪ್ಲಿಫೈಯರ್ ಇರುವುದು ಮಹಡಿಯಲ್ಲಿ. ನಡುವಿನ ಉದ್ದನೆಯ ವೈರು ದಾರಿಯುದ್ದಕ್ಕೂ ಕರೆಂಟಿನ ಗುಂಯ್ ಸದ್ದನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಮೇಷ್ಟ್ರು ಬ್ಯಾಲೆನ್ಸ್ಡ್ ಸರ್ಕ್ಯೂಟ್ ಮಾಡಿದ್ದರು. ಅದರಲ್ಲಿ ಒಂದೇ ಹಾಡು ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಿರುವುಮುರುವಾಗಿ ಬರುತ್ತದೆ. ಗುಂಯ್ ಮಾತ್ರ ಎರಡರಲ್ಲೂ ಒಂದೇ ಥರ. ಒಂದರಿಂದ ಇನ್ನೊಂದನ್ನು ಕಳೆದರೆ ಗುಂಯ್ ಅಳಿದು ಹಾಡು ಉಳಿಯುತ್ತದೆ. ಆದರೆ ಎರಡೂ ತಂತಿಗೆ ಸರಿಸಮ ಮರ್ಯಾದೆ ಸಿಗಬೇಕು. ಇಬ್ಬರು ಸೊಸೆಯರಿರುವ ಮನೆಯಂತೆ, ತುಸು ಹೆಚ್ಚುಕಡಿಮೆಯಾದರೂ ಗಲಾಟೆ.

ವಾರ ಕಳೆಯುವುದರೊಳಗೆ ನರ್ಸಮ್ಮ ಪೆಟ್ಟಿಗೆ ಹೊತ್ತು ತಂದರು.

“ಮೇಷ್ಟ್ರೇ, ಜೋರಾಗಿಟ್ರೆ ಚೆನ್ನಾಗಿದೆ. ಆದ್ರೆ ಕೂಸುಗಳು ಮಲಗಿರ್ತಾವಲ್ಲ, ಸಣ್ಣಗಿಟ್ರೆ ಹಾಡಿಗಿಂತ ಗುಂಯ್ ಅನ್ನೋದೇ ಜಾಸ್ತಿ.”

ಪರೀಕ್ಷೆಗೆಂದು ಸುತ್ತಿಟ್ಟಿದ್ದ ಅಷ್ಟೇ ಉದ್ದದ ವೈರಿಗೆ ಜೋಡಿಸಿ, ವಾಲ್ಯೂಮ್ ಇಳಿಸಿ, ಮೇಷ್ಟ್ರು ಸ್ಪೀಕರಿಗೆ ಕಿವಿಯಿಟ್ಟರು. ಅವರಿಗೆ ಏನೂ ಕೇಳಿಸಲಿಲ್ಲ.

“ನಿಮ್ಮ ಆಸ್ಪತ್ರೆ ವೈರಿಂಗೇ ಸರಿಯಿಲ್ಲಮ್ಮ,” ಎಂದುಬಿಟ್ಟರು.

ನರ್ಸಮ್ಮ ಮೇಷ್ಟ್ರ ಮುಖ ನೋಡಿದರು, ಒಳಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖವನ್ನೂ ನೋಡಿದರು. “ಇನ್ನೊಂದ್ಸಲ ನೋಡಿ. ಆಗಲ್ಲ ಅಂದ್ರೆ ಬೇರೆಯವರ ಹತ್ರ ಹೋಗ್ಬೇಕಾಗುತ್ತೆ,” ಎಂದು ಹೊರಟರು.

ಅವರು ಹೋದ ಮೇಲೆ ಹೆಂಡತಿ ಹೇಳಿದಳು, “ರೀ, ಅದು ಗುಂಯ್ ಅಂತಿದೆ. ಅಡುಗೆಮನೆಗೇ ಕೇಳಿಸ್ತು.”

“ನಿನಗೆ ಕೇಳಿಸಿದ್ದು ಫ್ರಿಜ್ ಸದ್ದು.”

ಆಕೆ ಒಳಗೆ ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತು ಬಂದಳು. “ಈಗ್ಲೂ ಇದೆ.”

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಭಯವಾಯಿತು. ಕಿವಿಯೇ ಹೋದರೆ ಅನ್ನ ಹೋಯಿತು, ಬೀದಿ ಕೊಟ್ಟ ಹೆಸರೂ ಹೋಯಿತು.

“ಯಾವಾಗಿಂದ ಗೊತ್ತು ನಿನಗೆ?”

“ಹೋಗ್ಲಿ ಬಿಡಿ.”

“ಹೇಳೇ.”

“ನೀವು ಮನೇಲೇ ಇದ್ರಿ, ಮಳೆ ಬಂದು ಒಣಹಾಕಿದ್ದ ಬಟ್ಟೆಯೆಲ್ಲ ನೆನೆದು ಹೋಯ್ತಲ್ಲ. ಆವತ್ತಿಂದ.”

ಆವತ್ತು ಆಕೆ ಬೇಜವಾಬ್ದಾರಿ ಗಂಡಸು ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದವಳು ನಡುವೆಯೇ ಸುಮ್ಮನಾಗಿದ್ದಳು. ಯಾಕೆಂದು ಮೇಷ್ಟ್ರಿಗೆ ಈಗ ತಿಳಿಯಿತು: ಮಳೆಯ ಸದ್ದೇ ತಮಗೆ ಕೇಳಿಸಿರಲಿಲ್ಲ. ಆಮೇಲೆ ಗಿರಾಕಿಗಳು ಹೇಳಿದ್ದನ್ನೆಲ್ಲ ಆಕೆ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದುದು ಬಾಯಾಳಿತನದಿಂದಲ್ಲ ಎಂಬುದೂ ತಿಳಿಯಿತು.

ಅವರು ಮೀಟರಿನ ಧೂಳು ಒರೆಸಿದರು. ತಪ್ಪು ಕೂಡಲೇ ಸಿಕ್ಕಿತು. ತಂತಿಗೊಂದರಂತೆ ಎರಡು ವಾಲ್ಯೂಮುಗಳನ್ನು ತಿರುಗಿಸುವ ಒಂದೇ ಕಡ್ಡಿಗೆ ಕೂಡಿಸಿದ್ದರು. ಜೋರಿನಲ್ಲಿ ಎರಡೂ ಜೊತೆಯಾಗಿ ಹೋಗುತ್ತಿದ್ದವು, ತೀರಾ ಕೆಳಗಿಳಿದಾಗ ಒಂದು ಹಿಂದೆ ಬಿದ್ದು ಸಮ ತಪ್ಪುತ್ತಿತ್ತು. ಪಾಪ, ಅವರು ಪರೀಕ್ಷೆ ಮಾಡಿದ್ದೆಲ್ಲ ತಮಗೆ ಕೇಳಿಸುವಷ್ಟು ಜೋರಿನಲ್ಲೇ.

ಎರಡನ್ನೂ ಕಿತ್ತರು. ಕರೆಂಟು ತಡೆಯುವ ರೆಸಿಸ್ಟರುಗಳ ರಾಶಿಯನ್ನು ಮೀಟರಿನಲ್ಲಿ ಅಳೆದು, ಒಂದೇ ಅಳತೆಯ ಎರಡನ್ನು ಆರಿಸಿ ತಂತಿಗೊಂದು ಹಾಕಿದರು. ಆಮೇಲೆ ಎರಡೂ ತಂತಿಗಳ ನಡುವೆ ಒಂದೇ ಒಂದು ವಾಲ್ಯೂಮನ್ನು ಅಡ್ಡಲಾಗಿ ಬೆಸೆದರು. ಒಂಟಿಯಾಗಿದ್ದರೆ ಹಿಂದೆ ಬೀಳುವ ಮಾತೇ ಇಲ್ಲ.

ಹಾಡು ಹಾಕದೆ ಬರೀ ಆನ್ ಮಾಡಿ, ವಾಲ್ಯೂಮ್ ತೀರಾ ಕೆಳಗಿಳಿಸಿದರು. ಈ ಸಲ ಸ್ಪೀಕರಿಗೆ ಕಿವಿಯಿಟ್ಟವಳು ಹೆಂಡತಿ.

“ಏನೂ ಕೇಳಿಸ್ತಿಲ್ಲ ರೀ,” ಎಂದಳು ಗಟ್ಟಿಯಾಗಿ.

“ನನಗೂ ಇಲ್ಲ,” ಎಂದರು ಮೇಷ್ಟ್ರು. ಇಬ್ಬರಿಗೂ ನಗು ಬಂತು.

“ನಾಳೆ ಕಿವಿ ಡಾಕ್ಟರ ಹತ್ರ ಹೋಗಿ ಬರೋಣ್ವಾ?” ಮೇಷ್ಟ್ರೇ ಕೇಳಿದರು.

ಆಕೆ ಮೆಲ್ಲಗೆ “ಹೂಂ” ಎಂದದ್ದು ಮೇಷ್ಟ್ರಿಗೆ ಕೇಳಿಸಲಿಲ್ಲ. ಮುಖ ನೋಡಿ ತಿಳಿದುಕೊಂಡರು.