ಯೆರ್ಕೊನ ಮೊಳೆಗೆ ತೂಗುವ ಜಾಕೆಟ್ಟು
ವಿಸ್ ದ್ವೀಪದ ಬಂದರಿನಲ್ಲಿ ವಿಹಾರದ ದೋಣಿಗಳನ್ನು ಬಾಡಿಗೆಗೆ ಕೊಡುವ ಮುದುಕ ಯೆರ್ಕೊನಿಂದ ಕೀಲಿಕೈ ಈಸಿಕೊಳ್ಳುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. ಮೊದಲು ಎಲ್ಲರೂ ಲೈಫ್ ಜಾಕೆಟ್ ತೊಡಬೇಕು. ಒಂದೊಂದು ಪಟ್ಟಿಯನ್ನೂ ಅವನೇ ಉಸಿರು ಕಟ್ಟುವ ಹಾಗೆ ಬಿಗಿಯುತ್ತಾನೆ, ಅದಕ್ಕೆ ಕಟ್ಟಿದ ಸೀಟಿ ಊದಿಸುತ್ತಾನೆ, ಬುರಾ ಎಂಬ ಬಿರುಗಾಳಿ ಎದ್ದರೆ ಯಾವ ಕೊಲ್ಲಿಗೆ ನುಗ್ಗಬೇಕೆಂದು ಮೂರು ಸಲ ಬಾಯಿಪಾಠ ಒಪ್ಪಿಸಿಕೊಳ್ಳುತ್ತಾನೆ. ಪ್ರವಾಸಿಗಳು ನಕ್ಕು ಸಹಿಸಿಕೊಳ್ಳುತ್ತಾರೆ. ಜಗಳವೆಲ್ಲ ಊರವರೊಂದಿಗೇ, ಏಕೆಂದರೆ ಕಡಲ ಮೇಲೆಯೇ ಹುಟ್ಟಿದೆವೆನ್ನುವ ಈ ಜನಕ್ಕೆ ಜಾಕೆಟ್ಟೆಂದರೆ ದೋಣಿಯ ಹಲಗೆಗೆ ಹಾಸುವ ಮೆತ್ತೆ. "ಬಾರ್ಬಾ ಅಜ್ಜಾ, ನಾವೇನು ಪ್ರವಾಸಿಗಳಾ? ಈ ನೀರು ನಮ್ಮಪ್ಪಂದು!" ಎಂದು ಯಾರಾದರೂ ಕಿಚಾಯಿಸಿದರೆ, "ನಿಮ್ಮಪ್ಪನ್ನೂ ಇದೇ ನೀರು ನುಂಗ್ತಲ್ಲೋ! ಕುಂಡಿಗಲ್ಲ ಅದು, ಎದೆಗೆ!" ಎಂದು ಬಂದರೆಲ್ಲ ಕೇಳುವಂತೆ ಕೂಗಿ, ಕೂತವನ ಅಡಿಯಿಂದ ಅದನ್ನು ಸರಕ್ಕನೆ ಎಳೆಯುತ್ತಾನೆ. ಅವನು ಸ್ನಾನಕ್ಕೂ ಜಾಕೆಟ್ ತೊಟ್ಟೇ ಇಳಿಯುತ್ತಾನೆಂದು ಊರು ನಗುತ್ತದೆ. ಆದರೆ ಅವನ ಗೂಡಂಗಡಿಯ ಮೊಳೆಗೆ ತೂಗುವ ಒಂದು ಜಾಕೆಟ್ಟನ್ನು ಅವನು ಯಾರಿಗೂ ಕೊಡುವುದಿಲ್ಲ, ಮುಟ್ಟಲೂ ಬಿಡುವುದಿಲ್ಲ. ಅದು ಕೂತು ಕೂತು ಚಪ್ಪಟೆಯಾದದ್ದು. ಹನ್ನೆರಡು ವರ್ಷದ ಹಿಂದೆ ಬುರಾದ ಅಲೆಯೊಂದು ಅವನ ಹೆಂಡತಿ ವಿನ್ಕಾಳನ್ನು ದೋಣಿಯಿಂದ ಸೆಳೆದೊಯ್ದಾಗ, ಅವಳು ಕೂತಿದ್ದ ಜಾಗದಲ್ಲಿ ಉಳಿದದ್ದು ಅದೊಂದೇ. ಆ ಬೆಳಿಗ್ಗೆ ಹೊರಡುವಾಗ ಅವಳು ಅದಕ್ಕೆ ಒಂದು ತೋಳು ತೂರಿಸಿದ್ದಳು. "ನೋಡಿದೋರು ನಗ್ತಾರೆ ಕಣೇ, ಹಲಗೆ ಒತ್ತುತ್ತೆ, ಅಡಿಗೆ ಹಾಕ್ಕೊಂಡು ಕೂತ್ಕೋ" ಅಂದವನು ಯೆರ್ಕೊನೇ.