ಸ್ಟೆಲ್ಲಾ ಸಿಸ್ಟರ್ ಗೋಡೆಯಾಚೆ ಬೈಯುತ್ತಿದ್ದರು

ಸ್ಟೆಲ್ಲಾ ಸಿಸ್ಟರ್ ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳಿದವರಲ್ಲ. ಎದುರಿಗೆ ಸಿಕ್ಕ ಹೆಂಗಸಿನ ಗಲ್ಲ ಹಿಡಿದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ, ಒಳಗಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ ‘ಹೂಂ, ಹೋಗು.’ ಬಿಳುಚಿಕೊಂಡಿದ್ದರೆ ಬೈಗುಳ ಶುರು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಹೂ ಮಾರುವವಳು ಅವರನ್ನು ದೂರದಿಂದ ಕಂಡರೆ ಸಾಕು, ಬುಟ್ಟಿ ಎತ್ತಿಕೊಂಡು ಬಸ್ಸಿನ ಮರೆಗೆ ಸರಿಯುತ್ತಿದ್ದಳು.

ಅವರು ಸರ್ಕಾರಿ ಆರೋಗ್ಯ ಕೇಂದ್ರದ ನರ್ಸು. ಮನೆ ಹಲಸೂರಿನಲ್ಲಿ, ಕೆಲಸ ನಮ್ಮ ಕೆ.ಆರ್. ಪುರದಲ್ಲಿ. ಕುಳ್ಳಗೆ, ಕಪ್ಪಗೆ ಇದ್ದರು; ಹೆಗಲಿನಲ್ಲೊಂದು ರೆಕ್ಸಿನ್ ಚೀಲ, ಗಂಟಲು ಮಾತ್ರ ಮೈಗೆ ಮೀರಿದ್ದು. ಸಿಟ್ಟು ಬಂದರೆ ಎಲ್ಲರಿಗೂ ‘ನೀನು’, ಮತ್ತು ಅವರಿಗೆ ಸದಾ ಸಿಟ್ಟು. ಒಮ್ಮೆ ಗಾರೆ ಮೇಸ್ತ್ರಿಯೊಬ್ಬ ವಾಂತಿಭೇದಿಯಿಂದ ಬಳಲಿದ್ದ ಮಗುವಿಗೆಂದು ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ ಒಂದೇ ಲೋಟಕ್ಕೆ ಸುರಿದು ಕದಡುತ್ತಿದ್ದ. ಲೋಟ ಕಿತ್ತುಕೊಂಡು ಚರಂಡಿಗೆ ಚೆಲ್ಲಿದರು. ‘ಲೀಟರ್ ನೀರಿಗೆ ಹಾಕೋ ಉಪ್ಪನ್ನ ಲೋಟಕ್ಕೆ ಹಾಕ್ತೀಯಾ? ಮಗೂನ ಏನು ಉಪ್ಪಿನಕಾಯಿ ಹಾಕ್ತಿದೀಯಾ?’ ಎಂದು ಬೈದು, ತಮ್ಮ ಚೀಲದಲ್ಲಿದ್ದ ಲೀಟರ್ ಬಾಟಲಿಯಲ್ಲಿ ಹೊಸದಾಗಿ ಕಲಸಿ, ಮಗುವಿಗೆ ಚಮಚ ಚಮಚವಾಗಿ ಕುಡಿಸಿ ಹೋದರು.

ತೊಂಬತ್ತರ ದಶಕದ ಕೊನೆ ಅದು. ನಾನು ಪಿಯುಸಿ ಓದುತ್ತಿದ್ದೆ. ಅಪ್ಪನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಮನೆಯ ಹಿಂದೆ ತಲೆಮಟ್ಟದ ಗೋಡೆ, ಅದರಾಚೆ ಓಣಿ, ಓಣಿಯ ಆ ಬದಿಗೆ ನಮ್ಮವೇ ನಾಲ್ಕು ಶೀಟಿನ ಮನೆಗಳು. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿ ಬಾಡಿಗೆಗಿದ್ದರು. ಅವರಲ್ಲೊಬ್ಬಳು ಮಾದೇವಿ, ಐದು ತಿಂಗಳ ಬಸುರಿ. ಅವಳನ್ನು ನೋಡಲೆಂದೇ ಸಿಸ್ಟರ್ ಮೊದಲ ಸಲ ನಮ್ಮ ಓಣಿಗೆ ಬಂದದ್ದು.

ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆಗಳೆಲ್ಲ ಮಾದೇವಿಯ ಗೋಡೆಗೂಡಿನಲ್ಲಿ ಹಾಗೇ ಇದ್ದವು.

‘ಅವನ್ನ ನುಂಗಿದ್ರ ಕೂಸು ಕರ್ರಗ ಹುಟ್ತದಂತ್ರಿ ಅಕ್ಕೋರ. ನಮ್ಮತ್ತಿ ಬ್ಯಾಡಂದಾಳ್ರಿ,’ ಎಂದಳು ಮಾದೇವಿ.

‘ಕರ್ರಗೆ ಹುಟ್ಟಿದ್ರೆ ಏನೀಗ? ನಾನೂ ಕರ್ರಗೇ ಇದೀನಿ. ಸತ್ತೋಗಿದೀನಾ? ಯಾರ್ ಮಾ ನಿಂಗೆ ಇದೆಲ್ಲಾ ಹೇಳೋದು? ನುಂಗು ಈಗ!’

ನಿಂಬೆರಸ ಹಿಂಡಿದ ನೀರಿನಲ್ಲಿ ನುಂಗಿಸಿ, ‘ಬಾಯಿ ತೆಗಿ. ನಾಲಿಗೆ ಎತ್ತು’ ಎಂದು ಒಳಗೆಲ್ಲ ನೋಡಿ, ‘ಹೋಯ್ತು’ ಎಂದರು. ಇದು ಅವರ ಪದ್ಧತಿ. ಕಣ್ಣೆದುರು ನುಂಗಿದ್ದನ್ನು ಮಾತ್ರ ಅವರು ನಂಬುತ್ತಿದ್ದರು. ಅಷ್ಟರಲ್ಲಿ ಮಾದೇವಿಯ ಗಂಡ ಹೆಂಡತಿಗೆಂದು ಚಹಾ ತಂದ. ಸಿಸ್ಟರ್ ಅದನ್ನು ಕಸಿದು ತಾವೇ ಕುಡಿದುಬಿಟ್ಟರು. ‘ಮಾತ್ರೆ ಮೇಲೆ ಟೀ ಕುಡಿದ್ರೆ ಕಬ್ಬಿಣ ಮೈಗೆ ಹತ್ತಲ್ಲ. ಒಂದು ಗಂಟೆ ಆದ್ಮೇಲೆ ಕೊಡು.’

ಗಲಾಟೆ ಕೇಳಿ ಅಮ್ಮ ಓಣಿಗೆ ಬಂದಳು. ಅವಳ ಬಾಯಲ್ಲಿ ಅಕ್ಕಿ ಇತ್ತು. ಅಮ್ಮ ಹಸಿ ಅಕ್ಕಿ ತಿನ್ನುವುದು ನಮ್ಮ ಮನೆಯ ದೊಡ್ಡ ತಮಾಷೆ. ಹಸಿ ಅಕ್ಕಿ ತಿಂದವರ ಮದುವೆಯಲ್ಲಿ ಮಳೆ ಬರುತ್ತದೆ ಎನ್ನುತ್ತಾರಲ್ಲ. ‘ನಿನ್ನ ಮದುವೇಲಿ ಚಪ್ಪರ ತೇಲಿಹೋಗದೆ ಉಳಿದದ್ದೇ ಹೆಚ್ಚು’ ಎಂದು ಅಪ್ಪ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಸಿಸ್ಟರ್ ನಗಲಿಲ್ಲ. ನೇರ ಬಂದು ಅಮ್ಮನ ರೆಪ್ಪೆ ಜಗ್ಗಿದರು. ಬಾಡಿಗೆಯವರೆಲ್ಲ ನೋಡುತ್ತಿದ್ದರು. ಅಮ್ಮ ಹಿಂದಕ್ಕೆ ಸರಿದಳು. ‘ನಮ್ಮನೇಲಿ ಊಟಕ್ಕೇನೂ ಕಮ್ಮಿ ಇಲ್ಲ ಸಿಸ್ಟರ್.’

‘ಮನೇಲಿ ಕಮ್ಮಿ ಇಲ್ಲ ಮಾ. ನಿನ್ ಮೈಯಲ್ಲಿ ಕಮ್ಮಿ. ಸುಣ್ಣದ ಥರ ಇದೆ ಕಣ್ಣು. ತಿಂಗಳಿಗೆ ಎಷ್ಟು ದಿನ ಹೋಗುತ್ತೆ?’

ಅಮ್ಮ ಒಳಗೆ ಬಂದುಬಿಟ್ಟಳು. ಸಂಜೆ ಅಪ್ಪ ಕೆಲಸ ಮುಗಿಸಿ ಬರುವ ಹೊತ್ತಿಗೆ ಸಿಸ್ಟರ್ ನಮ್ಮ ಗೇಟಿನಲ್ಲಿ ನಿಂತಿದ್ದರು. ಅಕ್ಕಪಕ್ಕದವರು ಕೇಳುವಂತೆಯೇ ಅದೇ ಪ್ರಶ್ನೆಯನ್ನು ಅಪ್ಪನಿಗೆ ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ‘ಜೊತೇಲಿ ಸಂಸಾರ ಮಾಡ್ತೀಯ, ಇದು ಗೊತ್ತಿಲ್ವಾ?’ ಎಂದರು ಸಿಸ್ಟರ್. ಅಪ್ಪ ಅವರ ಮುಖದ ಮೇಲೆಯೇ ಗೇಟು ಹಾಕಿಕೊಂಡು ಒಳಗೆ ಬಂದರು.

ಅವತ್ತೇ ಆರೋಗ್ಯ ಇಲಾಖೆಗೆ ಒಂದು ಅರ್ಜಿ ಹೋಯಿತು. ಮರ್ಯಾದಸ್ಥರ ಮನೆಯ ಮುಂದೆ ಅಸಭ್ಯವಾಗಿ ವರ್ತಿಸಿದ ನರ್ಸಿನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಅಪ್ಪ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನನ್ನ ಅಕ್ಷರ ಚೆನ್ನಾಗಿತ್ತು. ‘ಅಸಭ್ಯವಾಗಿ’ ಎಂಬ ಪದಕ್ಕೆ ಅಡಿಗೆರೆ ಎಳೆದದ್ದು ಅಪ್ಪ ಹೇಳಿ ಅಲ್ಲ, ನಾನೇ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೈ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಪ್ಪ ಅಮ್ಮನನ್ನು ತಮಗೆ ಪರಿಚಯದ ಡಾಕ್ಟರ ಹತ್ತಿರ ಕರೆದೊಯ್ದರು. ಅಲ್ಲಿ ಸುಸ್ತಿಗೆಂದು ಒಂದು ಬಾಟಲಿ ಗ್ಲೂಕೋಸ್ ಏರಿಸಿದರು, ಶಕ್ತಿಗೆಂದು ಕೆಂಪು ಇಂಜೆಕ್ಷನ್ ಚುಚ್ಚಿದರು. ರಕ್ತ ಪರೀಕ್ಷೆ ಮಾಡಿಸಿ ಎಂದು ಆ ಮಹಾನುಭಾವರು ಒಂದು ಚೀಟಿ ಬರೆಯಲಿಲ್ಲ. ಅಮ್ಮ ಎರಡು ದಿನ ಓಡಾಡಿದಳು, ಮೂರನೆಯ ದಿನ ಮತ್ತೆ ಗೋಡೆ ಹಿಡಿದಳು. ಟೆರೇಸಿಗೆ ಹೋಗಿ ಬಟ್ಟೆ ಒಣಹಾಕಲು ಆಗದೆ, ಹಿತ್ತಲ ಗೋಡೆಯ ಪಕ್ಕ ಹಗ್ಗ ಕಟ್ಟಿಸಿಕೊಂಡಳು. ಹಗ್ಗ ಕಟ್ಟಿಕೊಟ್ಟವಳು ನಾನು. ಯಾಕೆ ಎಂದು ಕೇಳಲಿಲ್ಲ.

ಗೇಟು ಮುಚ್ಚಿದ ಮೇಲೆ ಸಿಸ್ಟರ್ ಓಣಿಯಿಂದ ಶುರುಮಾಡಿದರು. ‘ಓಣಿ ಸರ್ಕಾರದ್ದು, ನಿಮ್ಮ ಓನರ್ ತಾತಂದಲ್ಲ’ ಎಂದು ಬಾಡಿಗೆಯವರಿಗೆಲ್ಲ ಹೇಳಿದರಂತೆ. ವಾರಕ್ಕೊಮ್ಮೆ ಬಂದು, ಗೋಡೆಗೆ ಮುಖ ಮಾಡಿ ನಿಂತು, ಮಾದೇವಿಯನ್ನು ಬೈಯುತ್ತಿದ್ದರು.

‘ಮಾದೇವಿ, ಉಗುರು ಚಮಚದ ಥರ ಗುಳಿ ಬಿದ್ದಿದೆಯಾ ನೋಡ್ಕೋ! ನಾಲಿಗೆ ನುಣ್ಣಗಾಗಿ ಖಾರ ತಿಂದ್ರೆ ಉರಿಯುತ್ತಾ? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ? ಬಂದ್ರೆ ಅದು ವಯಸ್ಸಲ್ಲ ಮಾ, ಗ್ಯಾಸಲ್ಲ. ರಕ್ತ ಇಲ್ಲ! ಗ್ಲೂಕೋಸ್ ಬಾಟಲಲ್ಲಿ ಇರೋದು ಸಕ್ಕರೆ ನೀರು, ರಕ್ತ ಅಲ್ಲ! ಕೇಳ್ತಿದೆಯಾ?’

ಮಾದೇವಿಯದು ಒಂದೇ ಕೋಣೆಯ ಮನೆ. ಅದಕ್ಕೆ ಮೆಟ್ಟಿಲೇ ಇರಲಿಲ್ಲ.

ಗೋಡೆಯ ಈಚೆ ಅಮ್ಮ ಒದ್ದೆ ಬಟ್ಟೆ ಹಿಡಿದು ನಿಂತಿರುತ್ತಿದ್ದಳು. ಒಂದು ಬೆಳಿಗ್ಗೆ ಆಚೆಯಿಂದ ಸಿಸ್ಟರ್ ಗಂಟಲು ತಗ್ಗಿಸಿ ಕೇಳಿದರು: ‘ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಬೆರಳು ತೋರಿಸು ಮಾದೇವಿ. ಎಷ್ಟು ದಿನ?’

ಬಸುರಿಗೆ ಯಾರೂ ಕೇಳದ ಪ್ರಶ್ನೆ ಅದು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅಮ್ಮ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ, ಎರಡೂ ಕೈಗಳನ್ನು ಗೋಡೆಯ ಮೇಲಕ್ಕೆ ಎತ್ತಿದಳು. ಹತ್ತೂ ಬೆರಳು. ಇಳಿಸಿ, ಮತ್ತೆ ಎರಡು ಬೆರಳು ಎತ್ತಿದಳು. ಕಟ್ಟಿಕೊಂಡವರಿಗೂ ಹೆತ್ತ ಮಗಳಿಗೂ ಹೇಳದ ಲೆಕ್ಕವನ್ನು ಅವಳು ಗೋಡೆಗೆ ಹೇಳಿದಳು.

‘ಆ ಕೈ ಇಳಿಸಬೇಡ,’ ಎಂದರು ಸಿಸ್ಟರ್. ಓಣಿಯಲ್ಲಿದ್ದ ಕಲ್ಲೊಂದರ ಮೇಲೆ ಹತ್ತಿ, ಅಲ್ಲೇ ಅಮ್ಮನ ಬೆರಳಿಗೆ ಸೂಜಿ ಚುಚ್ಚಿ, ರಕ್ತವನ್ನು ಗಾಜಿನ ಕೊಳವೆಗೆ ಎಳೆದುಕೊಂಡು ಬಣ್ಣ ಹೋಲಿಸಿ ನೋಡಿದರು. ಮೊದಲ ಸಲ ಅವರು ಬೈಯಲಿಲ್ಲ. ‘ಹಿಮೋಗ್ಲೋಬಿನ್ ಐದೂ ಇಲ್ಲ. ಹನ್ನೆರಡು ಇರಬೇಕು ಮಾ. ಆಟೋ ಕರೀರಿ’ ಎಂದರು.

ಅಪ್ಪ ಕೆಲಸಕ್ಕೆ ಹೋಗಿದ್ದರು. ನಾನು, ಸಿಸ್ಟರ್, ನಡುವೆ ಅಮ್ಮ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಫಾರಂ ನಾನೇ ತುಂಬಿದೆ. ಸಿಸ್ಟರ್ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು, ನನ್ನ ಮುಖ ನೋಡಿದರು, ಕೌಂಟರಿಗೆ ಕೊಟ್ಟರು. ನಮ್ಮ ಅರ್ಜಿಯನ್ನು ಅವರ ಮುಂದಿಟ್ಟು ಆಫೀಸಿನವರು ವಿವರಣೆ ಕೇಳಿ ಆಗಲೇ ವಾರವಾಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು.

ಅಮ್ಮನಿಗೆ ರಕ್ತ ಕೊಟ್ಟರು. ಗರ್ಭಕೋಶದಲ್ಲಿ ಗಡ್ಡೆಯಿತ್ತು, ಆಪರೇಷನ್ ಆಯಿತು. ಇನ್ನು ಕೆಲವೇ ದಿನ ಬಿಟ್ಟಿದ್ದರೆ ಹೃದಯ ತಡೆಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಅಪ್ಪನಿಗೆ ಹೇಳಿದರು. ಕಬ್ಬಿಣಾಂಶದ ಮಾತ್ರೆ ಶುರುವಾಗಿ ಕೆಲವೇ ವಾರಗಳಲ್ಲಿ ಅಮ್ಮ ಅಕ್ಕಿ ಡಬ್ಬದ ಕಡೆ ತಿರುಗಿ ನೋಡುವುದನ್ನೇ ಬಿಟ್ಟಳು. ವರ್ಷಗಟ್ಟಲೆ ನಾವು ನಕ್ಕದ್ದು ಅವಳ ಕಾಯಿಲೆಯನ್ನು ನೋಡಿ. ಥೂ ನಮ್ಮ ನಗುವಿಗೆ.

ಅಷ್ಟಾದರೂ ಅಪ್ಪ ಅರ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ. ‘ಸಹಾಯ ಮಾಡಿದ್ದು ಬೇರೆ, ಮರ್ಯಾದೆ ಬೇರೆ’ ಎಂದರು. ನನ್ನ ಪೆನ್ನು ನನ್ನ ಹತ್ತಿರವೇ ಇತ್ತು. ಆದದ್ದನ್ನೆಲ್ಲ ಅದೇ ಅಕ್ಷರದಲ್ಲಿ ಇನ್ನೊಂದು ಕಾಗದ ಬರೆಯಬಹುದಿತ್ತು. ಅಪ್ಪನಿಗೆ ಹೆದರಿ ಬರೆಯಲಿಲ್ಲ. ಸಿಸ್ಟರಿಗೆ ದೂರದ ಜಿಲ್ಲೆಗೆ ವರ್ಗವಾಯಿತು.

ಕೊನೆಯ ದಿನ ಅವರು ಮಾದೇವಿಯ ಕೂಸನ್ನು ನೋಡಲು ಓಣಿಗೆ ಬಂದಿದ್ದರು. ಕೂಸು ಕಪ್ಪಗೆ, ಗುಂಡುಗುಂಡಾಗಿತ್ತು. ‘ನನ್ ಕಲರ್’ ಎಂದು ಎತ್ತಿ ಆಡಿಸುತ್ತಿದ್ದರು. ಕ್ಷಮೆ ಕೇಳಲೇಬೇಕೆಂದು ನಾನು ಓಡಿಹೋಗಿ ಎದುರು ನಿಂತೆ. ಬಾಯಿ ಬಿಡುವ ಮೊದಲೇ ಹೆಬ್ಬೆರಳು ನನ್ನ ರೆಪ್ಪೆಯ ಮೇಲಿತ್ತು.

‘ನಿನ್ ಅಕ್ಷರ ಚೆನ್ನಾಗಿದೆ ಮಾ,’ ಎಂದರು. ‘ರಕ್ತ ಚೆನ್ನಾಗಿಲ್ಲ.’

ಚೀಲದಿಂದ ಮಾತ್ರೆ ತೆಗೆದು ಅಂಗೈಗೆ ಹಾಕಿದರು. ಮಾದೇವಿ ನೀರು ಕೊಟ್ಟಳು. ನುಂಗಿದೆ.

‘ಬಾಯಿ ತೆಗಿ.’

ತೆರೆದೆ. ಹೇಳಬೇಕಾದ ಒಂದೇ ಒಂದು ಮಾತು ಆಗಲೂ ಬರಲಿಲ್ಲ. ಸಿಸ್ಟರ್ ನನ್ನ ನಾಲಿಗೆ ಎತ್ತಿಸಿ ನೋಡಿದರು, ‘ಹೋಯ್ತು’ ಎಂದರು, ಚೀಲ ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು.