ನೇರಳೆ ಹೆಬ್ಬೆರಳಿನ ಮೇಡಂ

ಅವರ ಬಲಗೈ ಹೆಬ್ಬೆರಳು ಸದಾ ನೇರಳೆ. ಗಾಜಿನ ಮೇಲೆ ಬ್ಯಾಕ್ಟೀರಿಯಾ ಹರಡಿ ಬಣ್ಣ ಹಾಕುವಾಗ ಅಂಟಿದ ಕಲೆ ಅದು. ಒಂದು ಮಾಸುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಸಂಡೂರಿನ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಅದೇ ಕೈಯಿಂದ ಬೆನ್ನಿಗೆ ಗುದ್ದುತ್ತಿದ್ದರು. ಅವರೆಸೆದ ಡಸ್ಟರಿನ ಗುರುತು ಇಂದಿಗೂ ನನ್ನ ಹುಬ್ಬಿನ ಮೇಲಿದೆ. ನಾನು ಮಾಡಿದ ತಪ್ಪೆಂದರೆ ಬ್ಯಾಕ್ಟೀರಿಯಾವನ್ನು ಹುಳ ಅಂದದ್ದು.

"ಹುಳ ಅಲ್ಲಲೇ ಅದು! ಒಂದ ಒಂದು ಜೀವಕೋಶ. ಅದರಾಗ ಕೋಶಕೇಂದ್ರನೂ ಇಲ್ಲ. ಹಲ್ಲಿಲ್ಲ, ಉಗುರಿಲ್ಲ, ಆದ್ರೂ ನಿನ್ನಂಥೋನ್ನ ಮಣ್ಣಿಗೆ ಕಳಸ್ತೈತಿ!"

ಗುಂಡಗಿರುವವು, ಕಡ್ಡಿಯಂಥವು, ಸುರುಳಿಯಂಥವು. ನೇರಳೆ ಬಣ್ಣವನ್ನು ಹಿಡಿದುಕೊಳ್ಳುವವು, ತೊಳೆದರೆ ಬಿಟ್ಟುಕೊಡುವವು. ಗಾಳಿ ಬೇಕಾದವು, ಗಾಳಿಯೇ ಆಗದವು. ಇವನ್ನು ಒಪ್ಪಿಸುವಾಗ ಒಂದು ತಪ್ಪಿದರೂ ಬೆನ್ನು ಮುರಿಯುತ್ತಿತ್ತು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಬ್ಬಿಣದ ಅದಿರಿನ ದಂಧೆ ಜೋರಾಗಿದ್ದ ಕಾಲ. ಕಾಲೇಜಿನ ಗೇಟಿನ ಮುಂದೆ ಲಾರಿಗಳ ಸಾಲು. ಸಾಲು ಮುರಿದು ನುಗ್ಗಿದವನ ತಲೆ ಒಡೆಯುವುದು ಅಲ್ಲಿ ಮಾಮೂಲು. ಒಂದು ಮಧ್ಯಾಹ್ನ ಕಂಪ್ಲಿಯ ಡ್ರೈವರೊಬ್ಬ ನುಗ್ಗಿದ. ಅಡ್ಡ ನಿಂತವನು ತಾನೂ ಲಾರಿ ಡ್ರೈವರಾಗಿದ್ದ ನನ್ನ ಅಣ್ಣ. ಕ್ಲಾಸಿನ ಕಿಟಕಿಯಿಂದ ನಾನು ನೋಡುತ್ತಿದ್ದಂತೆಯೇ ಕಂಪ್ಲಿಯವನು ಜಾಕಿಯ ರಾಡನ್ನು ಅಣ್ಣನ ತೊಡೆಗೆ ಚುಚ್ಚಿದ. ಅಣ್ಣ ಸ್ಕ್ರೂಡ್ರೈವರಿನಿಂದ ಅವನ ತೋಳಿಗೆ ಇರಿದ.

ಲಾರಿಯವರಿಗೆ ಗಾಯಕ್ಕೆ ಗೊತ್ತಿದ್ದದ್ದು ಒಂದೇ ಮದ್ದು. ರಸ್ತೆಯ ಕೆಂಪು ಅದಿರು ಪುಡಿಯನ್ನು ಬಾಚಿ ಗಾಯದೊಳಗೆ ಒತ್ತಿ ತುಂಬುವುದು, ಮೇಲೆ ಟಯರಿನ ಟ್ಯೂಬು ಬಿಗಿಯುವುದು. ರಕ್ತವೇನೋ ನಿಲ್ಲುತ್ತಿತ್ತು.

"ಮಣ್ಣು ಹಾಕಬ್ಯಾಡ್ರಲೇ!" ಮೇಡಂ ಕೂಗುತ್ತ ಓಡಿದರು. ಅಷ್ಟರಲ್ಲಿ ಅಣ್ಣನ ಗಾಯಕ್ಕೆ ತುಂಬಿ ಆಗಿತ್ತು. ಅವರು ಟ್ಯೂಬು ಕಿತ್ತರು, ರಕ್ತ ಚಿಮ್ಮಿತು. ಕೊಲ್ಲುತ್ತಿದ್ದಾಳೆಂದು ಅಣ್ಣನ ಗೆಳೆಯನೊಬ್ಬ ಅವರ ಬಾಯಿಗೆ ಗುದ್ದಿದ. ಮೇಡಂ ಬಿದ್ದಿದ್ದ ರಾಡನ್ನೆತ್ತಿ ಅವನ ಮೊಣಕಾಲಿಗೆ ಬಾರಿಸಿದರು.

"ಈ ಮಣ್ಣಾಗ ದನದ ಸೆಗಣಿ ಐತಿ. ಅದರಾಗ ಒಂದು ಕಡ್ಡಿಯಂಥ ಬ್ಯಾಕ್ಟೀರಿಯಾ ವರ್ಷಗಟ್ಲೆ ಸತ್ತಂಗ ಮಲಗಿರ್ತೈತಿ. ಗಾಳಿ ಇರೋ ತನಕ ಏಳಂಗಿಲ್ಲ. ನೀವು ಗಾಳಿ ಕಟ್ಟಿ ಅದಕ್ಕ ಮನಿ ಮಾಡಿ ಕೊಡಾಕತ್ತೀರಿ!" ಒಡೆದ ತುಟಿಯಿಂದ ರಕ್ತ ಉಗುಳುತ್ತಲೇ ಪಾಠ ಮಾಡಿದರು.

ಮೇಡಂ ಹಿಂದೆಯೇ ಓಡಿಬಂದಿದ್ದ ನಾನು ಅಣ್ಣನ ಕಾಲು ಹಿಡಿದೆ. ಅವರು ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಬೆರಳಿಟ್ಟು ಆಳದಿಂದ ಕೆಂಪು ಪುಡಿಯನ್ನು ತೋಡಿ ತೆಗೆದರು. ಅಣ್ಣ ಕುರಿ ಕೊಯ್ದಂತೆ ಅರಚಿದ. ಸೆರಗು ಒತ್ತಿ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದು ಇಂಜೆಕ್ಷನ್ ಹಾಕಿಸಿದರು.

ಜೀಪು ಹತ್ತುವ ಮೊದಲು ಅವರು ಕಂಪ್ಲಿಯವನ ಲಾರಿಗೂ ಅಡ್ಡ ನಿಂತಿದ್ದರು. ಅವನ ತೋಳಿಗೂ ಅದಿರು ಪುಡಿ ತುಂಬಿ ಟ್ಯೂಬು ಬಿಗಿದಿದ್ದರು. "ಇಂಜೆಕ್ಷನ್ನರ ಹಾಕಿಸ್ಕೊಳ್ಳೋ, ಕೈ ಮುಗೀತೀನಿ," ಅಂದರು. ಅವನು ಅವರ ಮುಖಕ್ಕೆ ಉಗಿದು ಲಾರಿ ಹೊರಳಿಸಿದ.

ಕೆಲವು ದಿನಗಳಲ್ಲಿ ಧನುರ್ವಾಯು ತಗುಲಿ ಅವನ ದವಡೆ ಕಚ್ಚಿಕೊಂಡಿತು. ಬಾಗಿಲು ಸದ್ದಾದರೂ ಮೈ ಬಿಲ್ಲಿನಂತೆ ಬಾಗುತ್ತಿತ್ತಂತೆ. ಅವನಿದ್ದ ಹೊಸಪೇಟೆಯ ಆಸ್ಪತ್ರೆಗೆ ಮೇಡಂ ಹೋಗಿ ಬಂದರು. ಅವನು ಸತ್ತ ಮರುದಿನ ಬೋರ್ಡಿನ ಮೇಲೆ ಆ ಕಡ್ಡಿಯ ಚಿತ್ರ ಬರೆದು, ಅದರ ತುದಿಗೆ ಬೀಜಕದ ಗುಂಡೊಂದನ್ನು ಇಟ್ಟು, ನಮ್ಮೆದುರೇ ಬಿಕ್ಕಿ ಬಿಕ್ಕಿ ಅತ್ತರು. "ಗೊತ್ತಿದ್ದೂ ಉಳಿಸಾಕ ಆಗ್ಲಿಲ್ಲಲೇ." ಉಗಿದವನಿಗಾಗಿ ಅವರು ಅಳುವುದನ್ನು ಕಂಡ ದಿನದಿಂದ ನಾನು ಅವರ ಏಟಿಗೆ ಬೆನ್ನು ತಪ್ಪಿಸಲಿಲ್ಲ. ಅಣ್ಣ ಮತ್ತೆ ಯಾರ ಮೇಲೂ ಕೈ ಎತ್ತಲಿಲ್ಲ.

ಹೋದ ವರ್ಷ ಮಲಪನಗುಡಿಯ ಅವರ ಹೊಲದಲ್ಲಿ ಮೇಡಂ ಮಣ್ಣಾದರು. ಒಬ್ಬೊಬ್ಬರೇ ಮುಂದೆ ಹೋಗಿ ಹಿಡಿ ಮಣ್ಣು ಹಾಕಿ ಸರಿದರು. ಕುಂಟುತ್ತ ಹೋದ ಅಣ್ಣ ಬಗ್ಗಿ ಮಣ್ಣು ಹಿಡಿದವನು ಹಾಗೇ ನಿಂತುಬಿಟ್ಟ. ಹಿಂದಿನವರು, "ಜಲ್ದಿ ಹಾಕ್ರಿ," ಅಂದರು.

"ನನ್ನ ಕಾಲಾಗಿನ ಮಣ್ಣು ತೆಗದೋರು ಇವ್ರು," ಅಂದ ಅಣ್ಣ. "ಇವ್ರ ಮ್ಯಾಲ ನಾ ಹೆಂಗ ಮಣ್ಣು ಹಾಕ್ಲಿ?"

ನಾನು ಅವನ ಮುಷ್ಟಿ ಬಿಡಿಸಿ ಆ ಮಣ್ಣನ್ನು ತೆಗೆದುಕೊಂಡೆ. ಅವನ ಪಾಲಿನದನ್ನೂ ನಾನೇ ಹಾಕಿದೆ.